ಪ್ಲಾಸ್ಟಿಕ್ಕಿಗೆ ಮುಪ್ಪು ಬರುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಪ್ಲಾಸ್ಟಿಕ್ ಪರೀಕ್ಷೆ ಮಾಡುವ ನನ್ನ ಕೆಲಸದ ಬಗ್ಗೆ ಬರೆಯುವಾಗ, ಆಂಟಿಆಕ್ಸಿಡೆಂಟ್ ಗುಣವನ್ನು, ಅಂದರೆ ಆಮ್ಲಜನಕದಿಂದ ಹಾಳಾಗುವುದನ್ನು ತಡೆಯುವ ಗುಣವನ್ನು, ತಮ್ಮೊಳಗೇ ಇಟ್ಟುಕೊಂಡ ಪಾಲಿಮರ್‌ಗಳ ಮಾತು ಬಂದಿತ್ತು. ಅದೊಂದು ಮಾತಿಗೆ ಇಷ್ಟೊಂದು ಪತ್ರ ಬಂದದ್ದು ನೋಡಿ ತುಂಬಾ ಖುಷಿಯಾಯಿತು. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಬಿಳಿ ಹತ್ತಿ ಬಟ್ಟೆಗಳನ್ನು ಒಗೆದು, ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೆ. ಕೆಲವು ತಿಂಗಳ ಮೇಲೆ ತೆಗೆದು ನೋಡಿದರೆ ಮಡಿಕೆಯ ಅಂಚಿನಲ್ಲಿ ಮಾತ್ರ ಹಳದಿ. ಕೊಳೆ ಇರಲಿಲ್ಲ, ನೀರೂ ಬಿದ್ದಿರಲಿಲ್ಲ. ಇದು ಏನು?
— ಒಬ್ಬ ಗೃಹಿಣಿ

ಉತ್ತರ: ಅಂಚಿನಲ್ಲಿ ಮಾತ್ರ ಎಂದು ಗಮನಿಸಿ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಕವರಿನ ಪಾಲಿಥೀನ್ ಬೇಗ ಹಾಳಾಗದಿರಲಿ ಎಂದು ಅದಕ್ಕೆ ಬಿ.ಎಚ್.ಟಿ. ಎಂಬ ಆಂಟಿಆಕ್ಸಿಡೆಂಟ್ ಬೆರೆಸುವುದುಂಟು. ಇದು ಬಹಳ ಚಿಕ್ಕ ಅಣು. ಮಾಮೂಲಿ ಬಿಸಿಗೇ ಪ್ಲಾಸ್ಟಿಕ್ಕಿನಿಂದ ನಿಧಾನವಾಗಿ ಹೊರಬಂದು ಬಟ್ಟೆಯ ಮೇಲೆ ಕೂರುತ್ತದೆ. ಇನ್ನು ಗಾಳಿಯಲ್ಲಿ ವಾಹನದ ಹೊಗೆಯಿಂದಲೋ ಗ್ಯಾಸ್ ಉರಿಯಿಂದಲೋ ಬಂದ ನೈಟ್ರೋಜನ್ ಆಕ್ಸೈಡ್‌ಗಳು ಸ್ವಲ್ಪ ಇದ್ದೇ ಇರುತ್ತವೆ. ಇವೆರಡೂ ಸೇರಿದರೆ ಹಳದಿ ವಸ್ತು ಹುಟ್ಟುತ್ತದೆ. ಗಾಳಿ ತಗಲುವುದು ಮಡಿಕೆಯ ಅಂಚಿಗೆ, ಆದ್ದರಿಂದ ಹಳದಿಯೂ ಅಲ್ಲೇ. ಬಟ್ಟೆಯಲ್ಲಿ ಸೋಪಿನ ಕ್ಷಾರ ಉಳಿದಿದ್ದರೆ ಬಣ್ಣ ಇನ್ನೂ ಜಾಸ್ತಿ ಕಾಣುತ್ತದೆ.

ಒಂದು ಮೂಲೆಯಲ್ಲಿ ಒಂದೇ ಹನಿ ವಿನಿಗರ್ ಹಾಕಿ ನೋಡಿ. ಹಳದಿ ಅಲ್ಲಿ ಮಾಯವಾದರೆ ಕಾರಣ ಇದೇ ಇರಬೇಕು. ಇಂಥ ಕಲೆ ಬಿಸಿಲಿಗೆ ಹರವಿದರೂ ಸಾಮಾನ್ಯವಾಗಿ ಹೋಗುತ್ತದೆ. ಮುಂದೆ ಎತ್ತಿಡುವಾಗ ಬಟ್ಟೆಯನ್ನು ಇನ್ನೊಂದು ಸಲ ನೀರಿನಲ್ಲಿ ಜಾಲಿಸಿ ಒಣಗಿಸಿ. ಕವರಿನ ಬದಲು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಗಿರಣಿಗಳಿಗೆ ಇದು ಗೊತ್ತಿರುವ ತಲೆನೋವು. ಇದನ್ನು ಮೊದಲೇ ಕಂಡುಹಿಡಿಯಲು ಒಂದು ಅಂತರರಾಷ್ಟ್ರೀಯ ಪರೀಕ್ಷೆಯೇ ಇದೆ.

ನಿಮ್ಮ ಪತ್ರವನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ. ಕವರನ್ನು ಕಾಯಬೇಕಾದ ವಸ್ತು ಕವರಿನಲ್ಲಿ ನಿಲ್ಲಲಿಲ್ಲ. ಮುಂದಿನ ಉತ್ತರಗಳಲ್ಲೂ ಇದೇ ಪೇಚು ಬೇರೆ ಬೇರೆ ರೂಪದಲ್ಲಿ ಬರುತ್ತದೆ.

ಪ್ರಶ್ನೆ: ಆಂಟಿಆಕ್ಸಿಡೆಂಟ್ ಅಂದರೆ ಹಣ್ಣು, ತರಕಾರಿಯಲ್ಲಿ ಇರುವುದು ಅಂತ ಓದಿದ್ದೇವೆ. ಪ್ಲಾಸ್ಟಿಕ್ಕಿಗೆ ಅದು ಯಾಕೆ ಬೇಕು ಮೇಡಂ? ಪಾಲಿಮರೇ ಆಂಟಿಆಕ್ಸಿಡೆಂಟ್ ಆಗುವುದು ಹೇಗೆ?
— ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಪಾಲಿಮರ್ ಎಂದರೆ ಉದ್ದನೆಯ ಸರಪಳಿ ಅಣು ಎಂದು ನಿಮಗೆ ಗೊತ್ತು. ಶಾಖ, ಬಿಸಿಲು, ಯಂತ್ರದೊಳಗಿನ ತಿಕ್ಕಾಟ, ಹೀಗೆ ಯಾವುದೋ ಕಾರಣಕ್ಕೆ ಅದರಿಂದ ಒಂದು ಹೈಡ್ರೋಜನ್ ಕಿತ್ತುಹೋಗುತ್ತದೆ. ಅಲ್ಲಿ ಜೋಡಿ ಇಲ್ಲದ ಎಲೆಕ್ಟ್ರಾನ್ ಉಳಿಯುತ್ತದೆ. ಅದೇ ಫ್ರೀ ರ‍್ಯಾಡಿಕಲ್. ಆಮ್ಲಜನಕ ತಕ್ಷಣ ಬಂದು ಅಲ್ಲಿ ಅಂಟಿಕೊಳ್ಳುತ್ತದೆ. ಹಾಗೆ ಹುಟ್ಟಿದ ಪೆರಾಕ್ಸಿ ರ‍್ಯಾಡಿಕಲ್ ತನ್ನ ಕೊರತೆ ತುಂಬಿಸಿಕೊಳ್ಳಲು ಪಕ್ಕದ ಸರಪಳಿಯಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಈಗ ಕೊರತೆ ಪಕ್ಕದ್ದಕ್ಕೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ, ಇದು ಮುಗಿಯುವುದೇ ಇಲ್ಲ. ಸಾಲದ್ದಕ್ಕೆ ನಡುವೆ ಹುಟ್ಟುವ ಹೈಡ್ರೋಪೆರಾಕ್ಸೈಡ್ ಬಿಸಿಗೆ ಒಡೆದು ಹೊಸ ರ‍್ಯಾಡಿಕಲ್‌ಗಳನ್ನು ಕೊಡುತ್ತದೆ. 1940ರ ದಶಕದಲ್ಲಿ ಬೋಲಂಡ್ ಮತ್ತು ಗೀ ಎಂಬ ವಿಜ್ಞಾನಿಗಳು ರಬ್ಬರ್ ಮೇಲೆ ಕೆಲಸ ಮಾಡುತ್ತಾ ಈ ಇಡೀ ಸರಣಿಯನ್ನು ಬಿಡಿಸಿ ತೋರಿಸಿದರು. ಕೊನೆಗೆ ಸರಪಳಿಗಳು ತುಂಡಾಗುತ್ತವೆ, ಇಲ್ಲವೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಳೆಯ ರಬ್ಬರ್ ಬ್ಯಾಂಡ್ ಒಂದು ಕಡೆ ಅಂಟಂಟಾಗಿ, ಇನ್ನೊಂದು ಕಡೆ ಗರಿಗರಿಯಾಗಿ ಇರುವುದನ್ನು ನೋಡಿದ್ದೀರಿ ಅಲ್ವಾ? ಅಂಟಾಗಿರುವ ಕಡೆ ತುಂಡಾಗಿದೆ, ಗರಿಯಾಗಿರುವ ಕಡೆ ಬೆಸೆದುಕೊಂಡಿದೆ.

ಬಿ.ಎಚ್.ಟಿ. ಫಿನಾಲ್ ಎಂಬ ರಾಸಾಯನಿಕಗಳ ಗುಂಪಿಗೆ ಸೇರಿದ್ದು. ಇಂಥ ಫಿನಾಲ್ ಮಾಡುವುದಿಷ್ಟೇ: ತನ್ನ ಹೈಡ್ರೋಜನನ್ನು ತಾನಾಗಿಯೇ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಅದೂ ರ‍್ಯಾಡಿಕಲ್ಲೇ. ಆದರೆ ಎರಡೂ ಪಕ್ಕದಲ್ಲಿ ದಪ್ಪನೆಯ ಗುಂಪುಗಳು ಅಡ್ಡ ಇರುವುದರಿಂದ ಬೇರೆಯವರ ತಂಟೆಗೆ ಹೋಗುವುದಿಲ್ಲ. ಇಲ್ಲಿಗೆ ಸರಣಿ ಕಡಿಯುತ್ತದೆ.

ನಮ್ಮ ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕೆಲವೇ ಮಿಲಿಗ್ರಾಂ ಪ್ಲಾಸ್ಟಿಕ್ ಚೂರನ್ನು ಗುಂಡಿಯಷ್ಟು ಪುಟ್ಟ ಅಲ್ಯೂಮಿನಿಯಂ ಬಟ್ಟಲಿಗೆ ಹಾಕುತ್ತೇವೆ. ನೈಟ್ರೋಜನ್ ಹರಿಸುತ್ತಾ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಆಮೇಲೆ ಆಮ್ಲಜನಕ ಬಿಡುತ್ತೇವೆ. ಪರದೆಯ ಮೇಲೆ ಶಾಖವನ್ನು ತೋರಿಸುವ ಗೆರೆ ನೇರವಾಗಿ ಹೋಗುತ್ತಲೇ ಇರುತ್ತದೆ, ಏನೂ ಆಗುವುದಿಲ್ಲ. ಹೀಗೆ ಹೋಗುತ್ತಿದ್ದ ಗೆರೆ ಒಂದು ಗಳಿಗೆಯಲ್ಲಿ ದಿಢೀರನೆ ಏರುತ್ತದೆ. ಆಂಟಿಆಕ್ಸಿಡೆಂಟ್ ಖಾಲಿಯಾಗಿ ಪ್ಲಾಸ್ಟಿಕ್ ಆಕ್ಸಿಡೀಕರಣಕ್ಕೆ, ಅಂದರೆ ಆಮ್ಲಜನಕದ ದಾಳಿಗೆ, ಸಿಕ್ಕಿ, ಶಾಖ ಬಿಡಲು ಶುರುಮಾಡಿದೆ ಎಂದರ್ಥ. ಅಲ್ಲಿಯವರೆಗಿನ ನಿಮಿಷಗಳನ್ನು ಎಣಿಸುವುದೇ ಪರೀಕ್ಷೆ. ಮತ್ತೆ ಮತ್ತೆ ಕರಗಿಸಿದ ಮರುಬಳಕೆ ಪ್ಲಾಸ್ಟಿಕ್ಕಿನಲ್ಲಿ, ಹೊಸದಾಗಿ ಏನೂ ಸೇರಿಸದಿದ್ದರೆ, ಆ ಗೆರೆ ಬಹಳ ಬೇಗ ಏರುತ್ತದೆ. ಪ್ರತಿ ಸಲ ಕರಗಿಸಿದಾಗಲೂ ಆಂಟಿಆಕ್ಸಿಡೆಂಟ್ ಸ್ವಲ್ಪ ಖರ್ಚಾಗಿರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬಿ.ಎಚ್.ಟಿ.ಯ ಅಣುತೂಕ 220. ಅದು ಓಡಿಹೋಗದಂತೆ ಮಾಡುವ ಒಂದು ದಾರಿ ಅಣುವನ್ನು ದೊಡ್ಡದು ಮಾಡುವುದು. ನಾಲ್ಕು ಫಿನಾಲ್‌ಗಳನ್ನು ಒಂದೇ ಅಣುವಿಗೆ ಕಟ್ಟಿದ ಇರ್ಗನಾಕ್ಸ್ 1010ರ ತೂಕ ಸುಮಾರು 1178. ಇಂದು ಪೈಪು, ತಂತಿ, ಕವರು ಎಲ್ಲದರಲ್ಲೂ ಅದೇ ಜಾತಿಯದು ಜಾಸ್ತಿ. ಇನ್ನೊಂದು ದಾರಿ, ಫಿನಾಲನ್ನು ನೇರವಾಗಿ ಪಾಲಿಮರ್ ಸರಪಳಿಗೇ ರಾಸಾಯನಿಕ ಬಂಧದಿಂದ ಕಟ್ಟಿಬಿಡುವುದು. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಸ್ಕಾಟ್ ಅವರ ತಂಡ ರಬ್ಬರು, ಪ್ಲಾಸ್ಟಿಕ್ ಎರಡರಲ್ಲೂ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿತು. ನೀರು, ಎಣ್ಣೆ, ಸೋಪು ಏನೇ ತಾಗಿದರೂ ಅದು ಬಿಟ್ಟುಹೋಗುವುದಿಲ್ಲ. ಆದರೆ ಕಟ್ಟಿಹಾಕಿದ್ದು ಓಡಾಡಲೂ ಆಗುವುದಿಲ್ಲ. ರ‍್ಯಾಡಿಕಲ್ ಹುಟ್ಟಿದ ಜಾಗಕ್ಕೆ ಅದು ಹೋಗಿ ತಲುಪಲಾರದು. ಈ ಎಳೆದಾಟ ನೆನಪಿಟ್ಟುಕೊಳ್ಳಿ. ಪರೀಕ್ಷೆಗೆ ಬರದಿದ್ದರೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಟೈರಿನಲ್ಲಿರುವ ಕೆಮಿಕಲ್‌ನಿಂದ ಮೀನು ಸಾಯುತ್ತವೆ ಅಂತ ನನ್ನ ಮಗ ಹೇಳುತ್ತಾನೆ. ಇಷ್ಟು ವರ್ಷದಿಂದ ಟೈರ್ ಕೆಲಸ ಮಾಡುತ್ತಿದ್ದೇನೆ, ನಂಬಲು ಆಗುತ್ತಿಲ್ಲ. ನಿಜವೇ? ನಿಜವಾದರೆ ನೀವು ಹೇಳಿದ ಹಾಗೆ ಕಟ್ಟಿಹಾಕಬಹುದಲ್ಲ?
— ಟೈರ್ ಕೆಲಸದವರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಗಾಬರಿಯಾಗಬೇಡಿ, ಪೂರ್ತಿ ಹೇಳುತ್ತೇನೆ.

ಟೈರಿಗೆ ಆಮ್ಲಜನಕಕ್ಕಿಂತ ದೊಡ್ಡ ವೈರಿ ಓಜೋನ್. ಗಾಳಿಯಲ್ಲಿ ಅತಿ ಕಡಿಮೆ ಇದ್ದರೂ ಸಾಕು, ರಬ್ಬರಿನ ಜೋಡಿಬಂಧಗಳನ್ನು ಕತ್ತರಿಸುತ್ತದೆ. ರಬ್ಬರ್ ಹಿಗ್ಗಿರುವ ಕಡೆ, ಹಿಗ್ಗಿದ ದಿಕ್ಕಿಗೆ ಅಡ್ಡಡ್ಡವಾಗಿ ಸಣ್ಣ ಸಣ್ಣ ಬಿರುಕು ಬೀಳುವುದನ್ನು ನೀವು ದಿನಾ ನೋಡುತ್ತೀರಿ. ಇದನ್ನು ತಡೆಯಲು 6ಪಿಪಿಡಿ ಎಂಬ ವಸ್ತುವನ್ನು ದಶಕಗಳಿಂದ ಟೈರ್ ರಬ್ಬರಿಗೆ ಹಾಕುತ್ತಾ ಬಂದಿದ್ದಾರೆ. ಅದು ಒಳಗಿನಿಂದ ನಿಧಾನವಾಗಿ ಮೇಲೆ ಬಂದು, ರಬ್ಬರಿಗಿಂತ ಮೊದಲು ತಾನೇ ಓಜೋನ್ ಜೊತೆ ಕೂಡಿ, ಮೇಲ್ಮೈಯಲ್ಲಿ ತೆಳುವಾದ ಪದರ ಕಟ್ಟುತ್ತದೆ. ಟೈರಿನ ಪಕ್ಕದ ಗೋಡೆ ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದರಲ್ಲಿ ಇದರ ಪಾಲು ದೊಡ್ಡದು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಸುತ್ತಲಿನ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ರಸ್ತೆಯಿಂದ ಹರಿದ ನೀರು ಕಾರಣ ಎಂದು ಗೊತ್ತಿತ್ತು. ಅದರೊಳಗಿನ ಯಾವ ವಸ್ತು ಎಂದು ಹಿಡಿಯುವುದೇ ಕಷ್ಟವಾಗಿತ್ತು. ಸವೆದ ಟೈರ್ ಪುಡಿಯ ರಸವನ್ನು ಭಾಗ ಭಾಗ ಮಾಡುತ್ತಾ ಹೋದ ವಿಜ್ಞಾನಿಗಳು 2020ರ ಡಿಸೆಂಬರ್‌ನಲ್ಲಿ ಉತ್ತರ ಪ್ರಕಟಿಸಿದರು. 6ಪಿಪಿಡಿ ಓಜೋನ್ ಜೊತೆ ಸೇರಿ ಹುಟ್ಟುವ 6ಪಿಪಿಡಿ–ಕ್ವಿನೋನ್ ಎಂಬ ವಸ್ತುವೇ ಕೊಲ್ಲುತ್ತಿತ್ತು. ಆಮೇಲಿನ ಲೆಕ್ಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಸುಮಾರು 95 ನ್ಯಾನೋಗ್ರಾಂ ಇದ್ದರೆ ಅರ್ಧದಷ್ಟು ಕೋಹೊ ಮರಿಗಳು ಸಾಯುತ್ತವೆ. ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲಿನಷ್ಟು! ಅದೇ ಜಾತಿಗೆ ಹತ್ತಿರದ ಚಮ್ ಸಾಲ್ಮನ್‌ಗೆ ಹಾಗೆ ಆಗುವುದಿಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, 6ಪಿಪಿಡಿ ಬಳಸುವ ಟೈರ್ ತಯಾರಕರು ಬದಲಿ ಹುಡುಕಲೇಬೇಕು ಎಂಬ ನಿಯಮ ತಂದಿತು.

ಕಟ್ಟಿಹಾಕಬಹುದಲ್ಲ ಎಂದು ಕೇಳಿದ್ದೀರಿ. ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆದರೆ ಇಲ್ಲಿ ಅಷ್ಟು ಸುಲಭವಿಲ್ಲ. 6ಪಿಪಿಡಿ ಕೆಲಸ ಮಾಡುವುದೇ ಅದು ಚಲಿಸುತ್ತದೆ ಎಂಬ ಕಾರಣಕ್ಕೆ. ಮೇಲಿನ ಪದರ ಸವೆದರೆ ಒಳಗಿನಿಂದ ಹೊಸದು ಬರಬೇಕು. ಪೂರ್ತಿ ಕಟ್ಟಿಹಾಕಿದರೆ ಮೇಲ್ಮೈಗೆ ಮತ್ತೆ ಸರಬರಾಜು ಇಲ್ಲ. ಹಾಗೆಂದು ಸುಮ್ನೆ ತೆಗೆದುಹಾಕಿದರೆ ಟೈರ್ ಬಿರುಕು ಬಿಡುತ್ತದೆ, ಅದು ಜನರ ಜೀವದ ಪ್ರಶ್ನೆ. ನನ್ನ ಪ್ರಕಾರ ದಾರಿ ಎರಡರ ನಡುವೆ ಇದೆ: ಓಜೋನ್ ತಾಗಿದರೂ ಕ್ವಿನೋನ್ ಆಗದಂಥ ಅಣು ಬೇಕು. ಜೊತೆಗೆ, ಮೂಲದಲ್ಲೇ ಜೋಡಿಬಂಧ ಕಡಿಮೆ ಇರುವ ರಬ್ಬರನ್ನು ಪಕ್ಕದ ಗೋಡೆಗೆ ಬೆರೆಸಬಹುದು. ಮೀನು ಮತ್ತು ಮನುಷ್ಯರಲ್ಲಿ ಒಬ್ಬರನ್ನು ಆರಿಸಿ ಎಂದು ಕೈಕಟ್ಟಿ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಅಮ್ಮನಿಗೆ ಮಂಡಿ ಕೀಲು ಬದಲಾಯಿಸಬೇಕು. ಒಳಗೆ ಹಾಕುವ ಪ್ಲಾಸ್ಟಿಕ್ಕಿನಲ್ಲಿ ವಿಟಮಿನ್ ಇ ಇರುವ ಬಗೆಯೂ ಇದೆ ಎಂದರು. ಇದು ಬರೀ ಜಾಹೀರಾತೇ?
— ಮಗಳು

ಉತ್ತರ: ಜಾಹೀರಾತಲ್ಲ. ಅದರ ಹಿಂದೆ ಒಂದು ಕಷ್ಟದ ಪಾಠವಿದೆ.

ಸೊಂಟದ ಕೀಲು ಬದಲಾವಣೆಯಲ್ಲಿ ಹೆಸರಾದ ಬ್ರಿಟಿಷ್ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಳಸಿದರು. ಅದು ಬೇಗ ಸವೆದು ಸೋತಿತು. 1962ರಲ್ಲಿ ಅವರು ಅತಿ ಉದ್ದ ಸರಪಳಿಯ ಪಾಲಿಥೀನ್‌ಗೆ ಬದಲಾಯಿಸಿದರು. ಅದರ ಅಣುತೂಕ ಹತ್ತಾರು ಲಕ್ಷ. ಇವತ್ತಿಗೂ ಕೀಲಿನೊಳಗಿನ ಪ್ಲಾಸ್ಟಿಕ್ ಬಹುಪಾಲು ಅದೇ ಜಾತಿ. ತೊಂದರೆ ಬಂದದ್ದು ರೋಗಾಣು ಕೊಲ್ಲಲು ಹಾಯಿಸಿದ ಗಾಮಾ ಕಿರಣದಿಂದ. ಕಿರಣ ಹಾಯ್ದಾಗ ಪ್ಲಾಸ್ಟಿಕ್ಕಿನೊಳಗೆ ರ‍್ಯಾಡಿಕಲ್‌ಗಳು ಹುಟ್ಟಿ ಅಲ್ಲೇ ಉಳಿದುಬಿಡುತ್ತವೆ. ಪೊಟ್ಟಣದೊಳಗೆ ಗಾಳಿ ಇದ್ದದ್ದರಿಂದ ಶೆಲ್ಫಿನಲ್ಲಿ ಕೂತಿದ್ದಾಗಲೇ ಆಕ್ಸಿಡೀಕರಣ ಶುರುವಾಗುತ್ತಿತ್ತು. ದೇಹದೊಳಗೆ ಹೋದ ಮೇಲೆ ಪೆಡಸಾಗಿ, ಸವೆದು, ಸೂಕ್ಷ್ಮ ಪುಡಿ ಉದುರಿ, ಸುತ್ತಲಿನ ಮೂಳೆ ಕರಗುತ್ತಿತ್ತು. 1990ರ ದಶಕದಲ್ಲಿ ಗಾಳಿ ಇಲ್ಲದ ಪೊಟ್ಟಣಗಳು ಬಂದವು.

ಅದೇ ಕಿರಣವನ್ನು ಜಾಸ್ತಿ ಕೊಟ್ಟು ಸರಪಳಿಗಳನ್ನು ಒಂದಕ್ಕೊಂದು ಬೆಸೆದರೆ ಸವೆತ ಬಹಳ ಕಡಿಮೆಯಾಗುತ್ತದೆ ಎಂಬುದೂ ಗೊತ್ತಾಯಿತು. ಆದರೆ ಉಳಿದ ರ‍್ಯಾಡಿಕಲ್‌ಗಳನ್ನು ಏನು ಮಾಡುವುದು? ಪ್ಲಾಸ್ಟಿಕ್ಕನ್ನು ಕರಗಿಸಿದರೆ ಅವು ಹೋಗುತ್ತವೆ, ಜೊತೆಗೆ ಗಟ್ಟಿತನವೂ ಸ್ವಲ್ಪ ಹೋಗುತ್ತದೆ. ಇಲ್ಲಿ ವಿಟಮಿನ್ ಇ ನೆರವಿಗೆ ಬಂತು. ಅದಕ್ಕೆ ಉದ್ದನೆಯ ಎಣ್ಣೆಯಂಥ ಬಾಲವಿದೆ, ಪಾಲಿಥೀನ್ ಜೊತೆ ಹೊಂದಿಕೊಳ್ಳುತ್ತದೆ, ದೇಹಕ್ಕೂ ಹೊಸದಲ್ಲ. ಕಿರಣ ಕೊಡುವ ಮೊದಲೇ ಬೆರೆಸಿದರೆ ಅದು ಬೇಕಾದ ಬೆಸುಗೆಗೂ ಅಡ್ಡಬರುತ್ತದೆ. ಆದ್ದರಿಂದ ಕೆಲವರು ಕಿರಣ ಕೊಟ್ಟ ಮೇಲೆ, ಬಿಸಿ ಮಾಡಿ, ಒಳಗೆ ಇಳಿಸುತ್ತಾರೆ. ಇನ್ನು ಕೆಲವರು ಮೊದಲೇ ಅಳತೆ ನೋಡಿ ಬೆರೆಸುತ್ತಾರೆ. ಹಾಗೆ ಮಾಡಿದಾಗ ಒಂದಷ್ಟು ವಿಟಮಿನ್ ಸರಪಳಿಗೇ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥ ಮೊದಲ ಕೀಲಿಗೆ 2007ರಲ್ಲಿ ಅನುಮತಿ ಸಿಕ್ಕಿತು.

ಲ್ಯಾಬಿನಲ್ಲಿ ಇದು ಆಕ್ಸಿಡೀಕರಣವನ್ನು ತುಂಬಾ ಚೆನ್ನಾಗಿ ತಡೆಯುತ್ತದೆ. ಆದರೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ, ವಿಟಮಿನ್ ಇಲ್ಲದ ಹೊಸ ಕಾಲದ ಪಾಲಿಥೀನಿನ ಸವೆತವೂ ಕಡಿಮೆಯೇ ಇದೆ. ಆದ್ದರಿಂದ ಅದು ಸಿಗದಿದ್ದರೆ ಅಮ್ಮನಿಗೆ ಅನ್ಯಾಯವಾಯಿತು ಎಂದು ಕೊರಗಬೇಡಿ. ಸೋಂಕಾಗದಂತೆ ನೋಡಿಕೊಳ್ಳುವುದು, ಕೀಲನ್ನು ಸರಿಯಾದ ಕೋನಕ್ಕೆ ಕೂರಿಸುವುದು ಹೆಚ್ಚು ಮುಖ್ಯ. ವೈದ್ಯರ ಹತ್ತಿರ ಅದನ್ನೇ ಕೇಳಿ.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಗಿಲೆರ್ಮೊ ಅಮೀರ್ ಅವರ ತಂಡ ಸಿಟ್ರಿಕ್ ಆಮ್ಲದಿಂದಲೇ ಪಾಲಿಮರ್ ಕಟ್ಟಿತು. ಅದರ ಆಂಟಿಆಕ್ಸಿಡೆಂಟ್ ಗುಣ ಹೊರಗಿನಿಂದ ಬೆರೆಸಿದ್ದಲ್ಲ, ಅದರ ರಚನೆಯಲ್ಲೇ ಇದೆ. ಈ ಬಗೆಯ ವಸ್ತುವಿನಿಂದ ಮಾಡಿದ, ಸ್ನಾಯುರಜ್ಜುಗಳನ್ನು ಮೂಳೆಗೆ ಬಿಗಿಯುವ ಪುಟ್ಟ ಸಾಧನಕ್ಕೆ 2020ರಲ್ಲಿ ಅಲ್ಲಿ ಅನುಮತಿ ಸಿಕ್ಕಿದೆ. ಈ ಜಾತಿಯ ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಡುತ್ತದೆ.

ಪ್ರಶ್ನೆ: ಮೆತ್ತನೆ ರಬ್ಬರಿನಂಥ ಲೇಪವಿದ್ದ ಟಾರ್ಚಿನ ಹಿಡಿ ಅಂಟಂಟಾಗಿದೆ. ಆಂಟಿಆಕ್ಸಿಡೆಂಟ್ ಹಾಕಿದ್ದರೆ ಉಳಿಯುತ್ತಿತ್ತೇ?

ಉತ್ತರ: ಬಹುಶಃ ಇಲ್ಲ. ಅಂಥ ಲೇಪ ಹೆಚ್ಚಾಗಿ ಪಾಲಿಯುರೆಥೇನ್. ಅದನ್ನು ಹಾಳುಮಾಡುವುದು ಮುಖ್ಯವಾಗಿ ಗಾಳಿಯ ತೇವ. ನೀರು ಸರಪಳಿಯನ್ನು ಕತ್ತರಿಸುವುದಕ್ಕೆ ಆಂಟಿಆಕ್ಸಿಡೆಂಟ್ ಏನೂ ಮಾಡಲಾರದು. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಲೇಪವನ್ನು ಪೂರ್ತಿ ಒರೆಸಿ ತೆಗೆಯಿರಿ, ಒಳಗಿನ ಗಟ್ಟಿ ಪ್ಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಪ್ರಕೃತಿಯಲ್ಲಿ ಇಂಥ ಪಾಲಿಮರ್ ಇವೆಯೇ? ಮಕ್ಕಳಿಗೆ ಹೇಳಬೇಕು.
— ಪ್ರೌಢಶಾಲೆಯ ಶಿಕ್ಷಕರು

ಉತ್ತರ: ಧಾರಾಳವಾಗಿ ಇವೆ ಸರ್. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಮೈತುಂಬ ಫಿನಾಲ್ ಗುಂಪುಗಳಿವೆ. ನಮ್ಮ ಚರ್ಮ, ಕೂದಲಿನ ಮೆಲನಿನ್ ಕೂಡ ರ‍್ಯಾಡಿಕಲ್‌ಗಳನ್ನು ಹಿಡಿದು ಸುಮ್ಮನಾಗಿಸುತ್ತದೆ. ಕಾಗದದ ಕಾರ್ಖಾನೆಗಳಲ್ಲಿ ಲಿಗ್ನಿನ್ ರಾಶಿ ರಾಶಿ ಸಿಗುತ್ತದೆ, ಅದರಲ್ಲಿ ಬಹುಪಾಲನ್ನು ಉರುವಲಾಗಿ ಸುಡುತ್ತಾರೆ. ಪ್ಲಾಸ್ಟಿಕ್ಕಿಗೆ ಬೆರೆಸಿ ಆಂಟಿಆಕ್ಸಿಡೆಂಟ್ ಆಗಿ ಬಳಸಬಹುದು ಎಂದು ಪ್ರಯೋಗಗಳು ತೋರಿಸಿವೆ. ಅಡ್ಡಿ ಏನೆಂದರೆ ಬಣ್ಣ: ಕಂದು ಬಣ್ಣ ಬಂದೇ ಬರುತ್ತದೆ. ಪಾರದರ್ಶಕ ಬೇಕೆನ್ನುವವರಿಗೆ ಆಗುವುದಿಲ್ಲ. ಕಪ್ಪು, ಕಂದು ವಸ್ತುಗಳಿಗಾದರೂ ಬಳಸಬಹುದಲ್ಲ ಎಂದು ಆ ಉರುವಲಿನ ಲೆಕ್ಕ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮಕ್ಕಳಿಗೆ ಇದನ್ನೂ ಹೇಳಿ. ಸಮುದ್ರದ ಮಸಲ್ ಚಿಪ್ಪುಗಳು ಒದ್ದೆ ಬಂಡೆಗೆ ಅಂಟಿಕೊಳ್ಳುವುದನ್ನು ನೋಡಿ, 2007ರಲ್ಲಿ ವಿಜ್ಞಾನಿಗಳು ಡೋಪಮಿನ್ ಎಂಬ ಅಣುವನ್ನು ಸ್ವಲ್ಪ ಕ್ಷಾರೀಯ ನೀರಿನಲ್ಲಿ ಕರಗಿಸಿ ವಸ್ತುಗಳನ್ನು ಅದ್ದಿಟ್ಟರು. ನೀರು ನಿಧಾನವಾಗಿ ಕಪ್ಪಾಯಿತು, ಗಾಜು, ಲೋಹ, ಪ್ಲಾಸ್ಟಿಕ್ ಎಲ್ಲದರ ಮೇಲೂ ತೆಳುವಾದ ಕಪ್ಪು ಪದರ ಕೂತಿತು. ಮೆಲನಿನ್‌ನ ತಮ್ಮನಂತಿರುವ ಈ ಪಾಲಿಡೋಪಮಿನ್‌ಗೂ ಆಂಟಿಆಕ್ಸಿಡೆಂಟ್ ಗುಣವಿದೆ. ಬೇಗ ಮಾಯದ ಗಾಯಗಳಿಗೆ ಹಾಕುವ ಪಟ್ಟಿಗಳಲ್ಲಿ ಇದನ್ನು ಬಳಸಲು ಪ್ರಯತ್ನಗಳು ನಡೆದಿವೆ.

ಪ್ರಶ್ನೆ: ಪೊಟ್ಟಣದ ಪ್ಲಾಸ್ಟಿಕ್ಕಿನಲ್ಲಿರುವ ಆಂಟಿಆಕ್ಸಿಡೆಂಟ್ ಒಳಗಿನ ಆಹಾರಕ್ಕೆ ಇಳಿದರೆ ನಮಗೆ ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ. ಅದು ಪ್ಲಾಸ್ಟಿಕ್ಕಿಗೋ ಆಹಾರದ ಕೊಬ್ಬಿಗೋ ಹಾಕಿದ್ದು, ನಮ್ಮ ಆರೋಗ್ಯಕ್ಕೆ ಅಲ್ಲ. ಎಷ್ಟು ಇಳಿಯಬಹುದು ಎಂಬುದಕ್ಕೆ ಕಾನೂನಿನ ಮಿತಿ ಇರುವುದೇ ಅದಕ್ಕೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೈನಾಪೋಲ್ ಎಂಬ ಕಂಪನಿ ಒಂದು ಜಾಣ ಯೋಚನೆ ಮಾಡಿತು: ಆಂಟಿಆಕ್ಸಿಡೆಂಟನ್ನೇ ಪಾಲಿಮರ್ ಮಾಡಿದರೆ ಅಣು ದೊಡ್ಡದಾಗಿ ಕರುಳು ಹೀರಿಕೊಳ್ಳುವುದಿಲ್ಲ, ಬಂದ ಹಾಗೇ ಹೊರಗೆ ಹೋಗುತ್ತದೆ. ಹಾಗೆ ಹುಟ್ಟಿದ ಅನಾಕ್ಸೋಮರ್‌ಗೆ ಅಮೆರಿಕದ ಆಹಾರ ನಿಯಮಗಳಲ್ಲಿ ಇಂದಿಗೂ ಜಾಗವಿದೆ. ಎಣ್ಣೆ, ಕೊಬ್ಬಿನ ತೂಕದ ಹತ್ತು ಲಕ್ಷ ಪಾಲಿಗೆ 5,000 ಪಾಲು ಮೀರಬಾರದು ಎಂಬ ಮಿತಿಯೂ ಇದೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೈಟೋಸಾನ್‌ಗೆ ಗ್ಯಾಲಿಕ್ ಆಮ್ಲ ಕಟ್ಟುತ್ತಿದ್ದೇನೆ (ಮೊದಲನೆಯದು ಸೀಗಡಿ, ಏಡಿ ಚಿಪ್ಪಿನಿಂದ ಸಿಗುವ ಪಾಲಿಮರ್, ಎರಡನೆಯದು ಗಿಡಗಳಲ್ಲಿರುವ ಒಂದು ಫಿನಾಲ್). ನಿಜವಾಗಿ ಕಟ್ಟಿಕೊಂಡಿದೆಯೋ, ಬರೀ ಬೆರೆತಿದೆಯೋ ತಿಳಿಯುವುದು ಹೇಗೆ ಮೇಡಂ?

ಉತ್ತರ: ಈ ಸಲದ ಪತ್ರಗಳಲ್ಲಿ ಅತಿ ಮುಖ್ಯವಾದ ಪ್ರಶ್ನೆ ನಿಮ್ಮದು. ಎಷ್ಟೋ ಜನ ಇದನ್ನು ಕೇಳಿಕೊಳ್ಳದೆ ಸೀದಾ ಫಲಿತಾಂಶ ಬರೆದುಬಿಡುತ್ತಾರೆ.

ವಿಟಮಿನ್ ಸಿ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕಟ್ಟುವ ವಿಧಾನವಾದರೆ, ಆದ ಮೇಲೆ, ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಕೊಳವೆಯಲ್ಲಿ ಹಾಕಿ, ನೀರು ಬದಲಿಸುತ್ತಾ, ಕಟ್ಟಿಕೊಳ್ಳದ ಗ್ಯಾಲಿಕ್ ಆಮ್ಲವನ್ನು ತೆಗೆಯಿರಿ. ಆಮೇಲೆ ಫಿಲ್ಮ್ ಮಾಡಿ. ಪರೀಕ್ಷೆಗೆ ಡಿ.ಪಿ.ಪಿ.ಎಚ್. ಸಾಕು. ಅದು ಸ್ಥಿರವಾಗಿ ಉಳಿಯುವ ನೇರಳೆ ರ‍್ಯಾಡಿಕಲ್, ಆಂಟಿಆಕ್ಸಿಡೆಂಟ್ ಸಿಕ್ಕರೆ ಆ ಬಣ್ಣ ಹೋಗುತ್ತದೆ. 100 ಮಿಲಿಲೀಟರ್ ಮೆಥನಾಲ್‌ಗೆ ಸುಮಾರು 4 ಮಿಲಿಗ್ರಾಂ. ಗಾಢ ನೇರಳೆ ದ್ರಾವಣ. ಫಿಲ್ಮ್ ತುಂಡು ಹಾಕಿ ಕತ್ತಲಲ್ಲಿಟ್ಟರೆ, ಮೊದಲು ಫಿಲ್ಮಿನ ಸುತ್ತ ನೇರಳೆ ತಿಳಿಯಾಗುತ್ತದೆ, ಆಮೇಲೆ ಪೂರ್ತಿ ಹಳದಿಗೆ ತಿರುಗುತ್ತದೆ. 517 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಪಕ್ಕದಲ್ಲಿ ಇನ್ನೂ ಮೂರು ಬಾಟಲಿ ಇರಲೇಬೇಕು: ಬರೀ ದ್ರಾವಣ, ಬರೀ ಕೈಟೋಸಾನ್ ಫಿಲ್ಮ್, ಮತ್ತು ಕಟ್ಟದೆ ಸುಮ್ನೆ ಬೆರೆಸಿ ಮಾಡಿದ ಫಿಲ್ಮ್. ಮೆಥನಾಲ್ ವಿಷ, ಆವಿ ಹೊರಹೋಗುವ ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.

ಬಣ್ಣ ಹೋದ ಮಾತ್ರಕ್ಕೆ ಕಟ್ಟಿಕೊಂಡಿದೆ ಎಂದಾಗುವುದಿಲ್ಲ. ಬಿಡಿಯಾಗಿ ಸೋರಿದ ಗ್ಯಾಲಿಕ್ ಆಮ್ಲವೂ ಅದನ್ನೇ ಮಾಡುತ್ತದೆ. ಅದಕ್ಕೆ ಇನ್ನೊಂದು ಹೊಸ ಫಿಲ್ಮ್ ತುಂಡನ್ನು ಬರೀ ಮೆಥನಾಲ್‌ನಲ್ಲಿ ಒಂದು ದಿನ ನೆನೆಸಿ, ತುಂಡನ್ನು ತೆಗೆದುಬಿಡಿ. ಉಳಿದ ಮೆಥನಾಲ್‌ಗೆ ಡಿ.ಪಿ.ಪಿ.ಎಚ್. ಹಾಕಿ. ನೇರಳೆ ಹಾಗೇ ನಿಂತರೆ ಕಟ್ಟಿಕೊಂಡಿದೆ ಎಂದು ಧೈರ್ಯವಾಗಿ ಬರೆಯಲು ಒಂದು ಒಳ್ಳೆಯ ಆಧಾರ ಸಿಕ್ಕಿತು. ಅಣುವಿನ ರಚನೆ ತೋರಿಸುವ ಎನ್.ಎಂ.ಆರ್. ಪರೀಕ್ಷೆ ಜೊತೆಗಿದ್ದರೆ ಇನ್ನೂ ಗಟ್ಟಿ. ನೇರಳೆ ಮಾಸಿದರೆ ಬಿಡಿ ಆಮ್ಲ ಇನ್ನೂ ಉಳಿದಿದೆ ಎಂದರ್ಥ. ಡಯಾಲಿಸಿಸ್‌ಗೆ ವಾಪಸ್ ಹೋಗಿ, ನೀರನ್ನು ಇನ್ನೂ ಕೆಲವು ಸಲ ಬದಲಿಸಿ, ಆಮೇಲೆ ಮತ್ತೆ ಇದೇ ಪರೀಕ್ಷೆ ಮಾಡಿ.